ಕಾಲುವೆ ಕರೆದ ಜನ, ಕಾಲುವೆ ಕಳಿಸಿದ ಜನ

ರಾಯಚೂರು ಜಿಲ್ಲೆಯ ನಮ್ಮ ಸಿಂಧನೂರಿನಲ್ಲಿ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ, "ಯಾವೂರ್ರಿ ನಿಮ್ದು?" ಉತ್ತರದಲ್ಲಿ ಕ್ಯಾಂಪ್, ಅಂದರೆ ಹೊರಗಿನಿಂದ ಬಂದವರು ನೆಲೆ ನಿಂತ ವಸತಿಯ ಹೆಸರು, ಬಂತೋ ಇಲ್ಲವೋ ಎನ್ನುವುದರ ಮೇಲೆ ಮುಂದಿನ ಮಾತು ಸಾಗುತ್ತದೆ. ಬಂದರೆ ಮನೆಮಾತು ತೆಲುಗೋ ಬಂಗಾಳಿಯೋ ಎಂದು ಎದುರಿನವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಬರದಿದ್ದರೆ ನೀವು ಊರಿನವರು. ಅಡ್ಡಹೆಸರು, ಓಣಿ, ಜಾತಿ ಇವೆಲ್ಲ ಅದರ ಹಿಂದೆ ಬರುತ್ತವೆ.

ಗಂಗಾವತಿ, ಕಾರಟಗಿ ದಾಟಿ ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಸಿಂಧನೂರಿನ ಕಡೆ ಬರುವಾಗ ರಸ್ತೆಯ ಎರಡೂ ಬದಿಗೆ ಕ್ಯಾಂಪುಗಳ ಬೋರ್ಡು ಕಾಣುತ್ತವೆ. ದೇವರ ಹೆಸರಿನ ಕ್ಯಾಂಪು, ಮುಖಂಡರ ಹೆಸರಿನ ಕ್ಯಾಂಪು, ಬರೀ ನಂಬರಿನ ಕ್ಯಾಂಪು. ಒಳಗೆ ಹೋದರೆ ಡೇರೆಯೂ ಇಲ್ಲ, ತಗಡಿನ ಶೆಡ್ಡೂ ಇಲ್ಲ. ಶಾಲೆ ಇದೆ, ಗುಡಿ ಇದೆ, ಕೆಲವು ಕಡೆ ರೈಸ್‌ಮಿಲ್ಲು ಮತ್ತು ಮಹಡಿ ಮನೆಗಳಿವೆ, ಇನ್ನು ಕೆಲವು ಕಡೆ ಇಂದಿಗೂ ಮಣ್ಣಿನ ಗೋಡೆಗಳಿವೆ. ಎಲ್ಲ ಕಡೆಯೂ ಇಲ್ಲೇ ಹುಟ್ಟಿದ ಮೂರನೇ ತಲೆಮಾರಿನ ಮಕ್ಕಳಿದ್ದಾರೆ. ಅವರನ್ನೂ ನಾವು ಕ್ಯಾಂಪಿನವರು ಎಂದೇ ಕರೆಯುತ್ತೇವೆ.

ನಮ್ಮ ಭಾಗದ ವೇದಿಕೆಗಳಲ್ಲಿ ಸಿಂಧನೂರನ್ನು ಮಿನಿ ಭಾರತ ಎಂದು ಹೊಗಳುವುದು ರೂಢಿ. ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ, ಮಾರವಾಡಿ ಎಲ್ಲ ಒಂದೇ ಬಜಾರಿನಲ್ಲಿ ಕಿವಿಗೆ ಬೀಳುವುದರಿಂದ ಹೊಗಳಿಕೆ ಸುಳ್ಳೇನೂ ಅಲ್ಲ. ಆದರೆ ಅಷ್ಟಕ್ಕೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಯಾರು ಎಲ್ಲಿಂದ ಬಂದರು ಎಂದು ಹೇಳಿದವರು, ಬಂದವರಿಗೆ ಜಾಗ ಎಲ್ಲಿ ಸಿಕ್ಕಿತು, ಮೊದಲೇ ಇದ್ದವರು ಎಲ್ಲಿಗೆ ಸರಿದರು ಎಂಬುದನ್ನೂ ಹೇಳಬೇಕು. ಈ ಊರಿನ ಜನ ಹೀಗೆ ಕೂಡಿಕೊಂಡದ್ದು ತುಂಗಭದ್ರೆಯ ನೀರಿನ ಲೆಕ್ಕದ ಮೇಲೆ. ನೀರು ಒಂದು ಜನವನ್ನು ಕರೆಯಿತು, ಇನ್ನೊಂದು ಜನವನ್ನು ಕಳಿಸಿತು.

ಕಾಲುವೆಗೆ ಮುಂಚೆ ಸಿಂಧನೂರು ಎರಿ ಸೀಮೆಯ ಒಂದು ಸಾಧಾರಣ ಬಜಾರ. ಸುತ್ತ ಬಿಳಿಜೋಳ, ಹತ್ತಿ, ಕಡಲೆ. ಹಾಗೆಂದು ಹೊರಗಿನವರ ಹೆಜ್ಜೆ ಈ ನೆಲಕ್ಕೆ ಹೊಸದೂ ಅಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕಾಳಗ ಗೆದ್ದ, ಆಮೇಲೆ ಅದು ಮತ್ತೆ ಕೈ ಬದಲಾಯಿತು. ದಂಡಿನ ಜೊತೆ ಬಂದವರಲ್ಲಿ ಎಷ್ಟೋ ಮಂದಿ ಇಲ್ಲೇ ನೆಲೆ ನಿಂತರು. ಪಕ್ಕದ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೇ ಕ್ರೈಸ್ತರಿದ್ದಾರೆ. ಅಲ್ಲಿನ ಮೊಹರಂ ನೋಡಲು ಜಿಲ್ಲೆಯ ಹಿಂದೂಗಳೇ ಗಾಡಿ ಕಟ್ಟಿಕೊಂಡು ಹೋಗುತ್ತಾರೆ.

ಆಮೇಲೆ ನಿಜಾಮರ ಆಡಳಿತ ಬಂತು. ದಫ್ತರದ ಭಾಷೆ ಉರ್ದು, ಕೋರ್ಟಿನ ಭಾಷೆ ಉರ್ದು, ಶಾಲೆಯಲ್ಲಿ ಮುಂದಕ್ಕೆ ಓದಬೇಕೆಂದರೂ ಉರ್ದು. ನಮ್ಮ ತಾತ ಕನ್ನಡದ ಶರಣರ ವಚನ ಬಾಯಲ್ಲಿ ಹೇಳುತ್ತಿದ್ದರು, ಸಹಿ ಮಾತ್ರ ಉರ್ದುವಿನಲ್ಲಿ ಮಾಡುತ್ತಿದ್ದರು. ಲಿಂಗಾಯತರು, ನಾಯಕರು, ಕುರುಬರು, ಅಂಬಿಗರು, ಮಾದಿಗರು, ಚಲವಾದಿಗಳು, ಮುಸ್ಲಿಮರು, ಹತ್ತಿ ಹಿಂಜುವ ನದಾಫರು, ಮನೆಯೊಳಗೆ ತೆಲುಗು ಮಾತಾಡುವ ವೈಶ್ಯರು, ಊರಾಚೆಯ ತಾಂಡಾಗಳಲ್ಲಿ ಲಂಬಾಣಿಗರು: ಇಷ್ಟು ಜನ ಅಂದೂ ಇದ್ದರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ನಾಡಿಗೆ ಬಂತು. ಈ ಎರಡು ತಾರೀಖುಗಳ ನಡುವೆ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಆಡಳಿತ ಬದಲಾದದ್ದಕ್ಕಿಂತ ಹೆಚ್ಚು ನಮ್ಮ ಜನರ ರಚನೆ ಬದಲಾದದ್ದು ಈ ನೀರಿನಿಂದ.

ಹೊಸಪೇಟೆಯ ಬಳಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಅದಕ್ಕಾಗಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿ, 50 ಸಾವಿರಕ್ಕೂ ಹೆಚ್ಚು ಜನ ಮನೆಮಾರು ಕಳೆದುಕೊಂಡರು. ಮೊದಲ ಹೊಡೆತ ತಿಂದವರು ಅವರು. ಅವರ ಹೆಸರಿನ ಕ್ಯಾಂಪು ಯಾವುದಿದೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ಬಾಯಿ ಬಿಡುವುದಿಲ್ಲ.

ಎಡದಂಡೆಯ ನೀರನ್ನು ಭತ್ತಕ್ಕೆಂದು ಯೋಚಿಸಿದ್ದೇ ಅಲ್ಲ. ಬರಗಾಲದ ಸೀಮೆ ಇದು, ಇದ್ದ ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ತೆಳ್ಳಗೆ ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಬೇಕು ಎಂಬುದು ಯೋಜನೆಯ ಲೆಕ್ಕ. ಭತ್ತಕ್ಕೂ ಕಬ್ಬಿಗೂ ಇಟ್ಟದ್ದು ಸಣ್ಣ ಪಾಲು. ಯಾವ ಹೊಲಕ್ಕೆ ಯಾವ ಬೆಳೆ ಎಂಬುದನ್ನೂ ಕಾಗದದ ಮೇಲೆ ಗೊತ್ತು ಮಾಡಿದ್ದರು. ಆದರೆ ನೀರು ಬಂದಾಗ ಅದನ್ನು ಹೊಲಕ್ಕೆ ಹಾಯಿಸಲು ನಮ್ಮವರ ಹತ್ತಿರ ದುಡ್ಡು ಇರಲಿಲ್ಲ. ಎರಿ ಹೊಲವನ್ನು ಮಟ್ಟ ಮಾಡಬೇಕು, ಮಡಿ ಕಟ್ಟಬೇಕು, ಬಸಿಗಾಲುವೆ ತೋಡಬೇಕು. ನೀರು ನಿಂತರೆ ನೆಲ ಸವಳಾಗುತ್ತದೆ ಎಂಬ ಭಯವೂ ಇತ್ತು. ಆ ಭಯ ಸುಳ್ಳಾಗಲಿಲ್ಲ, ಇವತ್ತು ಎಷ್ಟೋ ಹೊಲಗಳ ಮೇಲೆ ಬಿಳಿ ಉಪ್ಪು ಬಿದ್ದಿದೆ. ಸಾಲ ಬೇರೆ ಇತ್ತು, ಮಗಳ ಮದುವೆ ಇತ್ತು. ಆಗ ಬಂದವರು ಆಂಧ್ರದ ಕರಾವಳಿಯ ರೈತರು.

ಕೃಷ್ಣಾ, ಗೋದಾವರಿ ಮುಖಜಭೂಮಿಯಲ್ಲಿ ಎಕರೆಗೆ ಬರುತ್ತಿದ್ದ ಬೆಲೆಗೆ ಇಲ್ಲಿ ಹಲವು ಪಟ್ಟು ಹೊಲ ಸಿಗುತ್ತಿತ್ತು. ಅಲ್ಲಿ ಮಾರಿ ಇಲ್ಲಿ ಕೊಂಡರು. ಕಾಲುವೆ ದಂಡೆಗೆ ಗುಡಿಸಲು ಹಾಕಿಕೊಂಡು, ಹಾವು ಚೇಳಿನ ನಡುವೆ ಮಕ್ಕಳನ್ನು ಮಲಗಿಸಿಕೊಂಡು ನೆಲ ಮಟ್ಟ ಮಾಡಿದರು. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರ, ನಮ್ಮ ತಾಲ್ಲೂಕಿನ ಗಾಂಧಿನಗರ ಹೀಗೆ ಬೆಳೆದ ಊರುಗಳು. ಅವರ ದುಡಿಮೆಯನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಸಸಿ ಮಡಿ ಹಾಕುವುದು, ಸಾಲು ನಾಟಿ, ಔಷಧಿ ಹೊಡೆಯುವುದು ಇದನ್ನೆಲ್ಲ ಊರಿನವರು ಕಲಿತದ್ದು ಅವರನ್ನು ನೋಡಿಯೇ. ಸೋನಾ ಮಸೂರಿ ಅಕ್ಕಿಗೆ ಈ ಭಾಗದ ಹೆಸರು ಅಂಟಿಕೊಂಡಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಅದರ ಮಗ್ಗುಲಿಗೇ ಇನ್ನೊಂದು ಮಾತಿದೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ಹೊಲಗಳಿಗೆ ನೀರು ಮುಟ್ಟುವುದು ಕಷ್ಟವಾಯಿತು. ಕಾಗದದ ಮೇಲೆ ನೀರಾವರಿ ಎಂದು ಬರೆದಿರುವ ಜಮೀನಿಗೆ ಮಳೆಯೇ ಗತಿ. ಪ್ರತಿ ವರ್ಷ ಕೊನೆ ಭಾಗದ ರೈತರು ರಸ್ತೆಗೆ ಇಳಿಯುತ್ತಾರೆ. ಮೇಲ್ಭಾಗದಲ್ಲಿ ಭತ್ತ ಬೆಳೆದವರಲ್ಲಿ ವಲಸಿಗರಷ್ಟೇ ಇಲ್ಲ, ನಮ್ಮ ಊರಿನ ಗೌಡರೂ ಸಾಹುಕಾರರೂ ಇದ್ದಾರೆ. ಹಾಗಾಗಿ ಇದನ್ನು ತೆಲುಗರು ಮತ್ತು ಕನ್ನಡಿಗರ ಜಗಳವೆಂದು ತೋರಿಸುವವರ ಮಾತಿಗೆ ನಾನು ತಲೆಯಾಡಿಸಲಾರೆ. ಇದು ನೀರು ಸಿಕ್ಕವರ ಮತ್ತು ಸಿಗದವರ ಲೆಕ್ಕ. ಹೊಲ ಮಾರಿದವರ ಮಕ್ಕಳು ಅದೇ ಹೊಲದಲ್ಲಿ ನಾಟಿ ಹಚ್ಚಲು ಕೂಲಿಗೆ ಹೋದರು ಎನ್ನುವುದನ್ನು ನಮ್ಮ ಮನೆಯ ಹಿರಿಯರು ಮೆಲ್ಲಗೆ, ನಾಚಿಕೆಯಿಂದ ಹೇಳುತ್ತಿದ್ದರು. ನಾಚಿಕೊಳ್ಳುವಂಥದ್ದು ಅವರದೇನೂ ಇರಲಿಲ್ಲ.

2025ರ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ನಾನು ಸರ್ಕಾರಿ ಶಾಲೆಯ ಶಿಕ್ಷಕಿ, ಗಣತಿಯ ಕೆಲಸ ನನಗೂ ಬಂತು. ಕರೆಂಟ್ ಮೀಟರಿನ ಗುರುತಿನ ಮೇಲೆ ಮನೆ ಹುಡುಕಬೇಕು, ಬಾಗಿಲ ಮೇಲಿನ ಸ್ಟಿಕ್ಕರ್ ನೋಡಬೇಕು, ಮೊಬೈಲ್ ಆ್ಯಪಿನಲ್ಲಿ 60 ಪ್ರಶ್ನೆಗಳಿಗೆ ಉತ್ತರ ತುಂಬಬೇಕು. ಅದೇ ದಿನ ನವರಾತ್ರಿಯೂ ಆರಂಭ. ಊರ ಗುಡಿಗಳಲ್ಲಿ ಸಂಜೆಗೆ ದೇವಿ ಪುರಾಣದ ಪಾರಾಯಣ ಹತ್ತಿತ್ತು. ಆ ಪುರಾಣ ಬರೆದ ಚಿದಾನಂದಾವಧೂತರು ತಪಸ್ಸು ಮಾಡಿದ ಸಿದ್ಧಪರ್ವತದ ಅಂಬಾಮಠ ನಮ್ಮ ತಾಲ್ಲೂಕಿನದೇ. ಉತ್ತರ ಕರ್ನಾಟಕದ ಊರೂರಲ್ಲಿ ಓದುವ ಪುರಾಣಕ್ಕೆ ಬೇರು ಇಲ್ಲಿದೆ ಎಂಬ ಹೆಮ್ಮೆ ನಮಗೆ ಸಣ್ಣದಲ್ಲ.

ಅದೇ ದಿನಗಳಲ್ಲಿ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ, ದುರ್ಗಾಪೂಜೆಯ ಪೆಂಡಾಲು ಏಳುತ್ತದೆ. ಬಿದಿರಿನ ಚೌಕಟ್ಟಿಗೆ ಹುಲ್ಲು ಸುತ್ತಿ, ಅದರ ಮೇಲೆ ಮಣ್ಣು ಮೆತ್ತಿ, ಹತ್ತು ಕೈಯ ದೇವಿಯನ್ನು ಮಾಡುತ್ತಾರೆ. ಆ ಹುಲ್ಲು ನಮ್ಮ ಭತ್ತದ ಗದ್ದೆಯದು. ಒಂದು ಮೂರ್ತಿಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ, ಮಣ್ಣಿನ ಕೆನ್ನೆ ಒಣಗಿ ಸಣ್ಣಗೆ ಬಿರಿದಿತ್ತು. ಒಬ್ಬ ಹುಡುಗ ಒದ್ದೆ ಬಟ್ಟೆ ಅದ್ದಿ ಆ ಬಿರುಕನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಬಂಗಾಳಿಯಲ್ಲಿ ಬೈಯುತ್ತಾ, ನಾನು ಕಂಡದ್ದೇ ತಡ ಕನ್ನಡಕ್ಕೆ ಹೊರಳಿ, "ಟೀಚರ್ ಬಂದ್ರು, ಕುರ್ಚಿ ತಗೊಂಡ್ ಬಾರೋ" ಎಂದರು. ಅವರ ಕನ್ನಡ ಅಚ್ಚ ಸಿಂಧನೂರಿನದು.

ಇವರು ಪೂರ್ವ ಪಾಕಿಸ್ತಾನದಿಂದ ಬಂದ ಹಿಂದೂ ಬಂಗಾಳಿಗಳು. ದೇಶ ಒಡೆದಾಗ ಶುರುವಾದ ವಲಸೆ 1950ರಲ್ಲಿ, 1964ರ ಗಲಭೆಗಳ ನಂತರ, ಮತ್ತೆ 1971ರ ಯುದ್ಧದ ಹೊತ್ತಿಗೆ ಅಲೆಅಲೆಯಾಗಿ ಬಂತು. ಮೊದಲು ಬಂದವರಲ್ಲಿ ಭೂಮಿ, ಓದು, ಕಲ್ಕತ್ತೆಯಲ್ಲಿ ನೆಂಟರು ಇದ್ದ ಮೇಲ್ಜಾತಿಯವರು ಹೆಚ್ಚು. ಅವರು ನಗರದಲ್ಲೇ ಹೇಗೋ ನೆಲೆ ಮಾಡಿಕೊಂಡರು. ಹಿಂದಿನಿಂದ ಬಂದ ರೈತರು, ಮೀನುಗಾರರು, ಅವರಲ್ಲಿ ಬಹುಪಾಲು ನಮಶೂದ್ರರೆಂಬ ಬಂಗಾಳದ ದಲಿತ ಸಮುದಾಯದವರು, ಸರ್ಕಾರ ಹೇಳಿದ ಕಡೆಗೆ ಹೋಗಬೇಕಾಯಿತು. ಮಧ್ಯ ಭಾರತದಲ್ಲಿ ಮಾನಾ ಶಿಬಿರ, 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆ, ಹೀಗೆ ನದಿಯ ನಾಡಿನ ಜನರನ್ನು ಕಲ್ಲು ಕಾಡಿನ ನಾಡುಗಳಿಗೆ ಸಾಗಿಸಿದರು. ಒಂದಷ್ಟು ಕುಟುಂಬಗಳನ್ನು ಸಿಂಧನೂರಿಗೆ ತಂದರು. ಪುನರ್ವಸತಿಗೆ ಸಿಕ್ಕ ನೆಲಕ್ಕೆ ಹೆಸರಿಡುವ ಗೋಜಿಗೂ ಯಾರೂ ಹೋಗಲಿಲ್ಲ. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ನಂಬರು ಕೊಟ್ಟರು. ಇಂದಿಗೂ ಅಲ್ಲಿನ ಮಕ್ಕಳ ಆಧಾರ್ ಕಾರ್ಡಿನಲ್ಲಿ ಊರಿನ ಜಾಗದಲ್ಲಿ ಇರುವುದು ಆ ನಂಬರೇ.

ನಾನು ಹೋದ ಒಂದು ಮನೆಯಲ್ಲಿ ಮಣ್ಣಿನ ಅಂಗಳ ಕನ್ನಡಿಯ ಹಾಗೆ ಸಾರಿಸಿತ್ತು. ನಡುವೆ ತುಳಸಿ, ಗೋಡೆಗೆ ಒರಗಿಸಿದ ಮೀನಿನ ಬಲೆ, ಬಲೆಯ ಪಕ್ಕದಲ್ಲೇ ಜೋಳದ ರೊಟ್ಟಿಯ ಬುಟ್ಟಿ. ಅಜ್ಜಿ ಹೊರಗೆ ಬಂದು "ಬರ್ರಿ ಟೀಚರ್, ಕುಂದರ್ರಿ" ಎಂದರು. ಹುಟ್ಟಿದ ಊರು ಕೇಳಿದೆ. ಖುಲ್ನಾ ಜಿಲ್ಲೆಯ ಒಂದು ಹಳ್ಳಿಯ ಹೆಸರು ಹೇಳಿದರು. ಎಷ್ಟು ವಯಸ್ಸಿದ್ದಾಗ ಬಂದಿರಿ ಅಂದರೆ, "ಸಣ್ಣಾಕಿ ಇದ್ನಿ ಟೀಚರ್. ನಮ್ಮಪ್ಪ ಹೆಗಲ ಮ್ಯಾಲ ಹೊತ್ಕೊಂಡ್ ಬಂದ" ಎಂದರು. ಮನೆಮಾತಿನ ಜಾಗದಲ್ಲಿ ಬಂಗಾಳಿ ಎಂದು ತುಂಬಿದೆ. ಜಾತಿ ಕೇಳುವ ಹೊತ್ತಿಗೆ ಒಳಗಿದ್ದ ಮೊಮ್ಮಗಳು ಓದುತ್ತಿದ್ದ ಪುಸ್ತಕ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಜ್ಜಿ "ನಮಶೂದ್ರ" ಎಂದರು. ಹುಡುಗಿ ಕೇಳಿದಳು, "ಇದನ್ನ ಬರ್ಕೊಂಡ್ರ ಸರ್ಟಿಫಿಕೇಟ್ ಕೊಡ್ತಾರೇನ್ರಿ ಟೀಚರ್?"

ಕೊಡುವುದಿಲ್ಲ ಎಂದು ಆಕೆಗೂ ಗೊತ್ತಿತ್ತು. ಪರಿಶಿಷ್ಟ ಜಾತಿಗಳ ಪಟ್ಟಿ ಆಯಾ ರಾಜ್ಯಕ್ಕೆ ಬೇರೆ ಬೇರೆ. ಪಶ್ಚಿಮ ಬಂಗಾಳದ ಪಟ್ಟಿಯಲ್ಲಿ ನಮಶೂದ್ರರಿದ್ದಾರೆ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಅಲ್ಲಿ ಅಸ್ಪೃಶ್ಯತೆ ಅನುಭವಿಸಿದ ಸಮುದಾಯ ರಾಜ್ಯದ ಗಡಿ ದಾಟಿದ ಕೂಡಲೇ ಸಾಮಾನ್ಯ ವರ್ಗಕ್ಕೆ ಸೇರುತ್ತದೆ. ತಾವಾಗಿ ದಾಟಿ ಬಂದವರೂ ಅಲ್ಲ ಇವರು, ಸರ್ಕಾರವೇ ಕರೆತಂದು ಬಿಟ್ಟದ್ದು.

ಜನರನ್ನು ಅಂಕಣಗಳಲ್ಲಿ ಹಿಡಿಯುವ ಕೆಲಸ ಈ ದೇಶದಲ್ಲಿ ಬಹಳ ಹಳೆಯದು, ಅದರ ಚರಿತ್ರೆ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1901ರ ಜನಗಣತಿ ನಡೆಸಿದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ, ಮೂಗಿನ ಅಗಲ ಉದ್ದ ಅಳೆದು ಭಾರತೀಯರನ್ನು ಜನಾಂಗಗಳಾಗಿ ವಿಂಗಡಿಸಬಹುದು ಎಂದು ನಂಬಿದ್ದ. ಯಾರ ಮೂಗು ಎಷ್ಟು ಚಪ್ಪಟೆಯೋ ಅವರ ಜಾತಿ ಅಷ್ಟು ಕೆಳಗೆ ಎಂಬುದು ಆತನ ಸಿದ್ಧಾಂತ. ಅದೇ ಕಾಲದಲ್ಲಿ ಪೂರ್ವ ಬಂಗಾಳದ ಈ ಜನ ತಮ್ಮನ್ನು ಚಂಡಾಲರೆಂದು ಬರೆಯಬಾರದು ಎಂದು ವರ್ಷಗಟ್ಟಲೆ ಹೋರಾಡುತ್ತಿದ್ದರು. 1911ರ ಜನಗಣತಿಯಲ್ಲಿ ಹೆಸರು ಬದಲಾಗಿ ನಮಶೂದ್ರ ಎಂದಾಯಿತು. ಗಣತಿಯ ಒಂದು ಕಾಲಮ್ಮಿಗಾಗಿ ಅಷ್ಟು ಹೋರಾಡಿ ಗೆದ್ದವರ ಮೊಮ್ಮಕ್ಕಳು ಇಲ್ಲಿ, ಸಿಂಧನೂರಿನಲ್ಲಿ, ಮತ್ತೊಂದು ಕಾಲಮ್ಮಿನ ಮುಂದೆ ನಿಂತಿದ್ದಾರೆ.

ಸ್ವತಂತ್ರ ಭಾರತದ ಜನಗಣತಿ ಜನಾಂಗವನ್ನು ಕೇಳುವುದಿಲ್ಲ. ಅದು ಒಳ್ಳೆಯದೇ ಆಯಿತು. ಎಲ್ಲ ಜಾತಿಗಳ ಪೂರ್ತಿ ಎಣಿಕೆ ಕಡೆಯದಾಗಿ ಪ್ರಕಟವಾದದ್ದು 1931ರಲ್ಲಿ. ಅಲ್ಲಿಂದ ಈಚೆಗೆ ಧರ್ಮ, ಮನೆಮಾತು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಇಷ್ಟೇ ಕಾಣುತ್ತವೆ. 2011ರಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಅದರಲ್ಲಿ ಪರಿಶಿಷ್ಟ ಜಾತಿಯವರು ಶೇ. 21ರ ಹತ್ತಿರ, ಪರಿಶಿಷ್ಟ ಪಂಗಡದವರು ಶೇ. 19ರಷ್ಟು. ಪಂಗಡದ ಅಂಕಿ ಇಷ್ಟು ದೊಡ್ಡದಾಗಿರಲು ನಾಯಕ ಸಮುದಾಯವೇ ಕಾರಣ. ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಪಟ್ಟಿಗೆ ಸೇರಿದ್ದು 1991ರಲ್ಲಿ. ಒಂದು ಹೆಸರು ಪಟ್ಟಿಯಲ್ಲಿ ಇದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. ಸುರಪುರದಂಥ ಸಂಸ್ಥಾನ ಆಳಿದ ವಂಶದ ಜನ ಇವರು, ಆದರೆ ಅವರ ಹಳ್ಳಿಯ ಮಕ್ಕಳು ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಸರ್ಟಿಫಿಕೇಟು ಕೈಗೆ ಬಂದ ಮೇಲೆ.

ಭಾಷೆಯ ಲೆಕ್ಕವನ್ನೂ ಹಾಗೇ ನಂಬಲಾಗದು. ಲಂಬಾಣಿ ಮಾತು ಜನಗಣತಿಯ ಕೋಷ್ಟಕದಲ್ಲಿ ಹಿಂದಿಯ ಕೆಳಗೆ ಸೇರುತ್ತದೆ. ತಾಂಡಾದ ಅವ್ವ ಹೊಲದಲ್ಲಿ ಹಾಡುವ ಹಾಡು ಸರ್ಕಾರದ ಪುಸ್ತಕದಲ್ಲಿ ಹಿಂದಿಯಾಗಿ ಕೂಡುತ್ತದೆ. ಆ ಅವ್ವನಿಗೆ ಹಿಂದಿ ಬಾರದು. ನಮ್ಮ ಮುಸ್ಲಿಮರು ಮನೆಯಲ್ಲಿ ಆಡುವ ದಖ್ಖನಿಯೂ ಉರ್ದುವಿನ ಅಂಕಿಯಲ್ಲಿ ಕರಗುತ್ತದೆ. ನದಾಫರ ಎಷ್ಟೋ ಮನೆಗಳಲ್ಲಿ ಕನ್ನಡವೇ ಮಾತು. ಹಳ್ಳಿಯಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲದಿದ್ದರೂ ಮೊಹರಂ ಬಂದರೆ ಅಲಾಯಿ ಕುಣಿ ತೋಡುತ್ತಾರೆ, ಪೀರಲ ದೇವರಿಗೆ ಸಕ್ಕರೆ ಓದಿಸುತ್ತಾರೆ. ಧರ್ಮ, ಭಾಷೆ ಎಂಬ ಎರಡು ಅಂಕಣಗಳನ್ನು ಇಟ್ಟುಕೊಂಡು ಈ ಜನರನ್ನು ಬಿಡಿಸಲು ಹೊರಟವರು ಅಲ್ಲೇ ಎಡವುತ್ತಾರೆ.

ತಾಂಡಾಗಳ ಮಾತು ಬಂತು, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಲಂಬಾಣಿಗರು ಇಲ್ಲಿಗೆ ನಿನ್ನೆ ಮೊನ್ನೆ ಬಂದವರಲ್ಲ, ಆದರೂ ಅವರ ತಾಂಡಾ ಬಹುಕಾಲ ಕಂದಾಯ ಗ್ರಾಮವಾಗಿರಲಿಲ್ಲ. ಮನೆ ಇದೆ, ಮನೆಯ ಕಾಗದವಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಹಂಚಿದಾಗ ರಾಯಚೂರು ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಅದು ಸಿಕ್ಕಿತು. ಅಷ್ಟು ಮನೆಗಳು ಅಲ್ಲಿಯವರೆಗೆ ಕಾಗದದ ಮೇಲೆ ಇರಲೇ ಇಲ್ಲ ಎಂದು ಯೋಚಿಸಿ ನೋಡಿ. ಊರು, ಕ್ಯಾಂಪು, ತಾಂಡಾ: ಈ ಮೂರರಲ್ಲಿ ಹುಟ್ಟಿನಿಂದಲೇ ಪತ್ರ ಇದ್ದದ್ದು ಊರಿಗೆ ಮಾತ್ರ.

ಬಂಗಾಳಿ ಕ್ಯಾಂಪುಗಳಲ್ಲಿ ಕಾಗದದ ಕಷ್ಟ ಇನ್ನೂ ಆಳಕ್ಕೆ ಹೋಗಿದೆ. ಸರ್ಕಾರ ಕರೆತಂದ ಮೊದಲಿನವರ ಹತ್ತಿರ ದಾಖಲೆ ಇದ್ದವು. ತಡವಾಗಿ, ನೆಂಟರ ಹಿಂದೆ ಬಂದವರು ದಶಕಗಳ ಕಾಲ ಪೌರತ್ವವಿಲ್ಲದೆ ಬದುಕಿದರು. 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಜಾರಿಗೆ ಬಂದ ಮೇಲೆ, ಆ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ಬಂತು. ಆ ಕಾಯ್ದೆ ಧರ್ಮ ನೋಡಿ ಬಾಗಿಲು ತೆರೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇಡೀ ಬದುಕು ನಮ್ಮ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿದ ಮುದುಕನೊಬ್ಬ ಕಾಗದ ಕೈಗೆ ಬಂತೆಂದು ಅತ್ತರೆ, ಆ ಕಣ್ಣೀರಿನ ಮುಂದೆ ವಾದಕ್ಕೆ ಕೂರುವವಳೂ ನಾನಲ್ಲ.

ಇನ್ನು ಹೋಗುವವರ ಮಾತು. ಸಂಜೆಯ ಹೊತ್ತು ಬಸ್ ಸ್ಟ್ಯಾಂಡಿಗೆ ಹೋದರೆ ಬೆಂಗಳೂರು ಬಸ್ಸಿನ ಸುತ್ತ ಗಂಟು ಮೂಟೆ, ಜೋಳದ ಚೀಲ, ಸಣ್ಣ ಗ್ಯಾಸ್ ಒಲೆ, ತೊಡೆಯ ಮೇಲೆ ಮಲಗಿದ ಕೂಸು. ಮಸ್ಕಿ, ಲಿಂಗಸುಗೂರು, ದೇವದುರ್ಗದ ಒಣ ಹಳ್ಳಿಗಳಿಂದ, ನಮ್ಮ ತಾಲ್ಲೂಕಿನ ನೀರು ಮುಟ್ಟದ ಊರುಗಳಿಂದ ಗುಳೆ ಹೊರಟವರು. ಅಪಾರ್ಟ್‌ಮೆಂಟ್ ಕಟ್ಟುವ ಕೆಲಸ, ರಸ್ತೆ ಅಗೆಯುವ ಕೆಲಸ. ಹೋಗುವವರಲ್ಲಿ ಮಾದಿಗರು, ನಾಯಕರು, ಲಂಬಾಣಿಗರು ಹೆಚ್ಚು. ಶಾಲೆಯ ಹಾಜರಿ ಪುಸ್ತಕದಲ್ಲಿ ದೀಪಾವಳಿ ಕಳೆದ ಮೇಲೆ ಯಾವ ಹೆಸರುಗಳ ಮುಂದೆ ಸಾಲಾಗಿ ಗೈರು ಬೀಳುತ್ತದೆ ಎಂದು ನೋಡಿದರೆ ಜಾತಿಯ ಸಮೀಕ್ಷೆಯೇ ಬೇಕಿಲ್ಲ. ಅದೇ ಸಂಜೆ ರೈಸ್‌ಮಿಲ್ಲಿನ ಗೇಟಿನ ಹತ್ತಿರ ಬಿಹಾರದ ಹುಡುಗರು ಚಹಾ ಕುಡಿಯುತ್ತಾ ನಿಂತಿರುತ್ತಾರೆ. ಚೀಲ ಹೊರಲು, ಬಾಯ್ಲರ್ ನೋಡಲು ಅವರು ಸಾವಿರಾರು ಮೈಲಿ ದೂರದಿಂದ ಬಂದಿದ್ದಾರೆ. ಇಲ್ಲಿಯ ಕೂಲಿ ಹೊರಗೆ ಹೋಗುವುದು, ಹೊರಗಿನ ಕೂಲಿ ಇಲ್ಲಿಗೆ ಬರುವುದು ಯಾಕೆ ಎಂದು ಗುತ್ತಿಗೆದಾರರನ್ನು ಕೇಳಿದೆ. ಹೊರಗಿನವರು ಹಬ್ಬಕ್ಕೆ ಊರಿಗೆ ಓಡುವುದಿಲ್ಲ, ಮಿಲ್ಲಿನಲ್ಲೇ ಮಲಗುತ್ತಾರೆ ಎಂದರು. ಊರಿನ ಕೂಲಿಕಾರನಿಗೆ ಊರಿದೆ, ಅದೇ ಅವನಿಗೆ ಮುಳುವಾಯಿತು.

ಗಣತಿಯಲ್ಲಿ ಈ ಎರಡೂ ಜನ ತಪ್ಪಿಹೋಗುತ್ತಾರೆ. ನಾನು ಹೋದ ಹಳ್ಳಿಯ ಓಣಿಯಲ್ಲಿ ಬೀಗ ಹಾಕಿದ ಮನೆಗಳಿದ್ದವು, ಮೀಟರಿದೆ, ಸ್ಟಿಕ್ಕರಿದೆ, ಮಾತಾಡಲು ಮನುಷ್ಯರಿಲ್ಲ. ಮಿಲ್ಲಿನ ಹುಡುಗರಿಗೆ ಮೀಟರೇ ಇಲ್ಲ. 2027ರ ಮಾರ್ಚ್ 1ರ ಲೆಕ್ಕಕ್ಕೆ ದೇಶದ ಜನಗಣತಿ ನಡೆಯಲಿದೆ, ಈ ಸಲ ಎಲ್ಲ ಜಾತಿಗಳನ್ನೂ ಎಣಿಸುತ್ತಾರೆ. ಆ ಮಾರ್ಚ್ ತಿಂಗಳೆಂದರೆ ಗುಳೆಯ ಕಾಲ. ನಮ್ಮ ಒಣ ಹಳ್ಳಿಗಳ ಜನ ಆಗ ಬೆಂಗಳೂರಿನ ಶೆಡ್ಡುಗಳಲ್ಲಿ ಇರುತ್ತಾರೆ. ಅವರನ್ನು ಅಲ್ಲಿ ಸರಿಯಾಗಿ ಎಣಿಸಿದರೂ ನಮ್ಮ ತಾಲ್ಲೂಕಿನ ಅಂಕಿಯಲ್ಲಿ ಅವರು ಕಾಣುವುದಿಲ್ಲ, ಆ ಅಂಕಿ ನೋಡಿ ಬರುವ ಶಾಲೆ ಆಸ್ಪತ್ರೆಗಳೂ ಅಷ್ಟರ ಮಟ್ಟಿಗೆ ಕುಗ್ಗುತ್ತವೆ. ಜಿಲ್ಲೆಯ ಅಧಿಕಾರಿಗಳು ಇದನ್ನು ಈಗಲೇ ತಲೆಗೆ ಹಾಕಿಕೊಳ್ಳಬೇಕು.

ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಒಂದು ರಾತ್ರಿ ನೆನಪಿದೆ. 2024ರ ಆಗಸ್ಟ್ 10ರಂದು ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಿತ್ತು ಕೊಚ್ಚಿಹೋಯಿತು. ಹೂಳು ತುಂಬಿ ಮೊದಲೇ 133 ಟಿಎಂಸಿಯಿಂದ 105ಕ್ಕೆ ಇಳಿದಿದ್ದ ಜಲಾಶಯ ಅದು. ತುಂಬಿದ ಕೆರೆ ಕಣ್ಣೆದುರೇ ಖಾಲಿಯಾಗುತ್ತಿತ್ತು. ಗಾಂಧಿನಗರದ ತೆಲುಗು ರೈತ, ಊರಿನ ಗೌಡ, ನಾಟಿಗೆ ಹೋಗುವ ಬಂಗಾಳಿ ಹೆಂಗಸರು, ಮಿಲ್ಲಿನ ಮಾಲೀಕ ಎಲ್ಲರೂ ಮೊಬೈಲಿನಲ್ಲಿ ಒಂದೇ ವಿಡಿಯೊ ನೋಡುತ್ತಿದ್ದರು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ದೊಡ್ಡ ಸಾಹಸ, ಅದನ್ನು ಮಾಡಿದವರಿಗೆ ನಮ್ಮ ಸೀಮೆ ಋಣಿ. ಆದರೆ ಆ ವಾರವೂ ಕೊನೆ ಭಾಗದ ನೆಂಟರೊಬ್ಬರು ಫೋನಿನಲ್ಲಿ ಹೇಳಿದ ಮಾತು ಮರೆತಿಲ್ಲ: "ನಿಮಗ ಈಗ ಹೋತು, ನಮಗ ಮೊದಲಿಂದ ಇದ್ದಿಲ್ಲವ್ವ."

ನಮ್ಮ ಶಾಲೆಯ ಅಂಗಳದಲ್ಲಿ ಈ ಎಲ್ಲ ಮನೆಗಳ ಮಕ್ಕಳೂ ಕೂಡುತ್ತಾರೆ. ಮಧ್ಯಾಹ್ನದ ಊಟಕ್ಕೆ ಕೂತಾಗ ಬಂಗಾಳಿ ಹುಡುಗ ಲಂಬಾಣಿ ಹುಡುಗಿಗೆ ಲೆಕ್ಕ ಹೇಳಿಕೊಡುವುದು ಕನ್ನಡದಲ್ಲಿ. ಪುಂಡಿ ಸೊಪ್ಪು ಒಬ್ಬರ ಮನೆಯಲ್ಲಿ ಜೋಳದ ನುಚ್ಚು ಹಾಕಿದ ಪಲ್ಯ, ಇನ್ನೊಬ್ಬರ ಮನೆಯಲ್ಲಿ ಎಣ್ಣೆ ತೇಲುವ ಪಚ್ಚಡಿ, ಡಬ್ಬಿ ತಂದ ದಿನ ಇಬ್ಬರೂ ಬದಲಾಯಿಸಿಕೊಂಡು ತಿನ್ನುತ್ತಾರೆ. ಹತ್ತನೇ ತರಗತಿ ಮುಗಿಯುವವರೆಗೆ ಊರು, ಕ್ಯಾಂಪು, ತಾಂಡಾ ಅವರಿಗೆ ಮನೆಗೆ ಹೋಗುವ ದಾರಿ ಅಷ್ಟೇ. ಆಮೇಲೆ ಹಾಸ್ಟೆಲ್ಲಿನ ಅರ್ಜಿ, ಸ್ಕಾಲರ್‌ಶಿಪ್ಪಿನ ಅರ್ಜಿ ಕೈಗೆ ಬರುತ್ತವೆ. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗೂ ಪ್ರಮಾಣಪತ್ರ ಬೇಕು. ಪಕ್ಕ ಪಕ್ಕ ಕೂತು ಓದಿದವರಲ್ಲಿ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದಿಲ್ಲ ಎಂಬುದು ಆಗ ತಿಳಿಯುತ್ತದೆ.

ಅಂಬೇಡ್ಕರ್ ಜಯಂತಿಗೆ ನಮ್ಮೂರಿನಲ್ಲಿ ದೊಡ್ಡ ಮೆರವಣಿಗೆ ಆಗುತ್ತದೆ. ಆ ದಿನ ನಾನು ಮಕ್ಕಳಿಗೆ 1946ರ ಕಥೆ ಹೇಳುತ್ತೇನೆ. ಬಾಬಾಸಾಹೇಬರಿಗೆ ಬೊಂಬಾಯಿ ಪ್ರಾಂತದಿಂದ ಸಂವಿಧಾನ ಸಭೆಗೆ ಬರುವ ದಾರಿ ಇಲ್ಲದಿದ್ದಾಗ ಅವರನ್ನು ಬಂಗಾಳದಿಂದ ಆರಿಸಿ ಕಳಿಸಲು ದುಡಿದವರಲ್ಲಿ ಮುಂದಾಳು ಜೋಗೇಂದ್ರನಾಥ ಮಂಡಲ್, ಪೂರ್ವ ಬಂಗಾಳದ ನಮಶೂದ್ರ ನಾಯಕ. ಮುಂದೆ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾಗಿ, ತನ್ನ ಜನರ ಮೇಲಿನ ಹಿಂಸೆ ತಾಳಲಾರದೆ 1950ರಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದವರು. ಅವರ ಜನ ಸಿಂಧನೂರಿನಲ್ಲಿದ್ದಾರೆ ಎಂದಾಗ ನಮ್ಮ ದಲಿತ ಓಣಿಯ ಮಕ್ಕಳು ತಿರುಗಿ ತಮ್ಮ ಪಕ್ಕದ ಬೆಂಚಿನವರ ಮುಖ ನೋಡುತ್ತಾರೆ.

ಪಟ್ಟಿಗೆ ಒಂದು ಹೆಸರು ಸೇರಲು ಸಂವಿಧಾನದ 341ನೇ ವಿಧಿಯ ಪ್ರಕಾರ ಸಂಸತ್ತು ಕಾನೂನು ಮಾಡಬೇಕು. ಅದಕ್ಕೆ ಮೊದಲು ರಾಜ್ಯ ಸರ್ಕಾರ ಶಿಫಾರಸು ಕಳಿಸಬೇಕು. ನಮ್ಮ ಶಾಸಕರೂ ಸಂಸದರೂ ಕ್ಯಾಂಪುಗಳ ಮತ ಕೇಳಲು ಹೋಗುವ ದಾರಿ ಚೆನ್ನಾಗಿ ಬಲ್ಲರು. ಈ ಕೆಲಸ ಅವರದು. ಪಟ್ಟಿಯಲ್ಲಿ ಈಗಾಗಲೇ ಇರುವ ಮಾದಿಗ, ಚಲವಾದಿ ಬಂಧುಗಳಿಗೆ ತಮ್ಮ ಪಾಲು ಕಡಿಮೆಯಾದೀತು ಎಂಬ ಆತಂಕ ಇರುವುದು ಸಹಜ. ಕೆಲವೇ ಕ್ಯಾಂಪುಗಳ ಮಾತು ಇದು, ಕೂತು ಮಾತಾಡಿದರೆ ದಾರಿ ಸಿಗುತ್ತದೆ ಎಂದು ನಾನು ನಂಬಿದ್ದೇನೆ. ಮಾತುಕತೆಗೆ ಕರೆಯುವವರು ಬೇಕು, ಶಿಕ್ಷಕರ ಕೊಠಡಿಯನ್ನು ನಾನು ತೆರೆದು ಕೊಡುತ್ತೇನೆ.

ಅಂದು ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಹುಡುಗಿ ನಮ್ಮ ಶಾಲೆಯಲ್ಲೇ ಓದಿದವಳು. ಈಗ ದ್ವಿತೀಯ ಪಿಯು ವಿಜ್ಞಾನ, ನರ್ಸಿಂಗ್ ಓದಬೇಕೆಂದಿದ್ದಾಳೆ. ಫಲಿತಾಂಶ ಬಂದ ಮೇಲೆ ಅರ್ಜಿ ತುಂಬಲು ಸಿಗುವುದು ಕೆಲವೇ ವಾರ.